ಹಕ್ಕಿಯ ಕಾಲಡಿಯ ಬಿಳಿ ಪುಡಿ

ಪೆಟ್ಟಿಗೆ ಬಂದ ದಿನವೇ ತೆರೆಯಬಾರದು. ನಮ್ಮ ಕಸುಬಿನಲ್ಲಿ ಇದು ಮೊದಲ ರೂಲ್. ದೂರದಿಂದ ಬಂದ ಸ್ಟಫ್ ಮಾಡಿದ ಹಕ್ಕಿಗಳು ಮೊದಲು ಕೋಣೆಯ ಗಾಳಿಗೆ ಒಗ್ಗಬೇಕು. ಆತುರಪಟ್ಟರೆ ನೂರು ವರ್ಷದ ಹಳೆಯ ಚರ್ಮ ಹೊಲಿಗೆಯ ಬುಡದಲ್ಲೇ ಸೀಳಿಬಿಡುತ್ತದೆ. ನಮ್ಮ ಮ್ಯೂಸಿಯಂನ ಬೀರುಗಳಲ್ಲಿ ತೇವ ಕುಡಿದು ಕೂತಿದ್ದ ಹಕ್ಕಿಗಳನ್ನು ನಾನು ಸೌದಿಯ ತಾಯಿಫಿನ ಒಣ ಗಾಳಿಗೆ ತಂದಿದ್ದೆ. ಜಿದ್ದಾದಲ್ಲಿ ವಿಮಾನ ಇಳಿದ ಮೇಲೆ ಲಾರಿಯ ಹಿಂದೆಯೇ ಕಾರಿನಲ್ಲಿ ಕೂತು, ಮೆಕ್ಕಾದೊಳಗೆ ಹೋಗುವಂತಿಲ್ಲದ ನಮ್ಮಂಥ ಕ್ರೈಸ್ತರು ಹಿಡಿಯಬೇಕಾದ ಬೈಪಾಸ್ ಹಿಡಿದು ಬೆಟ್ಟ ಹತ್ತಿದೆ. ತಿರುವುಗಳಲ್ಲಿ ಲಾರಿಯ ಬ್ರೇಕ್ ಲೈಟ್ ಕೆಂಪಾದಾಗೆಲ್ಲ ನಾನೂ ಕಾರಿನ ನೆಲಕ್ಕೆ ಕಾಲೊತ್ತುತ್ತಿದ್ದೆ.

“ಆಂಟಿ, ಒಂದೇ ಒಂದು ಪೆಟ್ಟಿಗೆ ತೆರೆಯುವಾ. ಕ್ಲೈಂಟಿಗೆ ಫೋಟೋ ಕಳಿಸ್ಬೇಕು,” ಎಂದ ಪ್ರಾಜೆಕ್ಟ್ ಮ್ಯಾನೇಜರ್. ಪ್ರದರ್ಶನ ಕಟ್ಟಿಕೊಡುವ ಕಾಂಟ್ರ್ಯಾಕ್ಟ್ ಕಂಪನಿಯವನು. ನಮ್ಮವನೇ, ಮಂಗಳೂರಿನ ಕೊಂಕಣಿ ಹುಡುಗ. ಹುಡುಗ ಎಂದರೆ ನಲವತ್ತು ದಾಟಿದವನು. ನನ್ನ ವಯಸ್ಸಿಗೆ ಎಲ್ಲರೂ ಹುಡುಗರೇ. ನಾವಿಬ್ಬರೂ ಕೊಂಕಣಿಯಲ್ಲೇ ಜಗಳವಾಡುತ್ತಿದ್ದೆವು, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

“ನಾಳೆ,” ಎಂದೆ.

“ಸತ್ತು ನೂರು ವರ್ಷ ಆಯ್ತು ಅವಕ್ಕೆ. ಇನ್ನು ಎಂತ ಆಗ್ಲಿಕ್ಕುಂಟು?”

“ನೂರು ವರ್ಷ ಕಾದವಕ್ಕೆ ಇನ್ನೊಂದು ದಿನ ಭಾರವಲ್ಲ. ಭಾರ ನಿನಗೆ.”

ಅವನು ನಕ್ಕ. ಆಗ ನಾವು ಇನ್ನೂ ನಗುತ್ತಿದ್ದೆವು.

ಪ್ರದರ್ಶನ ಒಬ್ಬ ಮನುಷ್ಯನ ಬದುಕಿನ ಕುರಿತಾದದ್ದು. ನಾನು ಕೆಲಸ ಮಾಡಿ ರಿಟೈರ್ ಆದ ಮ್ಯೂಸಿಯಂ ಅನ್ನು ಬ್ರಿಟಿಷರ ಕಾಲದಲ್ಲಿ ಕಟ್ಟಿ ಬೆಳೆಸಿದ ಡೈರೆಕ್ಟರ್ ಅವನು. ನಮ್ಮಲ್ಲಿ ಹಳಬರೆಲ್ಲ ಅವನನ್ನು ‘ದೊರೆ’ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಮಿಲಿಟರಿ ಡಾಕ್ಟರಾಗಿ ಹಡಗಿಳಿದು ಬಂದವನು, ಕಾಲರಾ ವಾರ್ಡಿನಿಂದ ಬಿಡುವು ಸಿಕ್ಕಾಗ ಕೋವಿ ಹಿಡಿದು ಹಕ್ಕಿಗಳ ಹಿಂದೆ ಹೋಗಿ, ಕೊನೆಗೆ ಡಾಕ್ಟರಿಕೆಯನ್ನೇ ಬಿಟ್ಟು ಮ್ಯೂಸಿಯಂ ಹಿಡಿದ. ನಡುವೆ ಸರ್ಕಾರ ಅವನನ್ನು ಸ್ವಲ್ಪ ಕಾಲ ಜಿದ್ದಾಕ್ಕೆ ಕಳಿಸಿತ್ತು, ಹಿಂದೂಸ್ಥಾನದಿಂದ ಹಜ್ಜಿಗೆ ಬರುವ ಹಡಗುಗಳ ಆರೋಗ್ಯ ತಪಾಸಣೆಗೆ. ಅಲ್ಲಿ ಕೂತು ಅವನು ತಾಯಿಫಿನ ಬೆಟ್ಟಗಳಿಂದ ಬೇಟೆಗಾರರು ಇಳಿಸಿ ತಂದ ಹಕ್ಕಿಗಳನ್ನು ಕೊಂಡ, ಮರಳುವಾಗ ಜೊತೆಗೆ ಒಯ್ದ. ಆ ಕೌಜುಗ, ಮರಕುಟಿಗ, ಗೂಬೆಗಳೇ ಈಗ ಲೋನ್ ಮೇಲೆ ಹುಟ್ಟಿದೂರಿಗೆ ಬಂದಿದ್ದವು. ಇಲ್ಲಿನ ಒಂದು ಖಾಸಗಿ ಮ್ಯೂಸಿಯಂ, ಹಳೆಯ ಕಲ್ಲಿನ ಮನೆಯೊಂದನ್ನು ರಿಪೇರಿ ಮಾಡಿ, ಮೇಲಂತಸ್ತನ್ನು ಪೂರ್ತಿ ದೊರೆಗೆ ಬಿಟ್ಟುಕೊಟ್ಟಿತ್ತು.

ನನಗೆ ಎರಡು ಕೆಲಸ. ಹಕ್ಕಿಗಳ ಯೋಗಕ್ಷೇಮ, ಮತ್ತು ದೊರೆಯ ಬದುಕನ್ನು ಗೋಡೆಯ ಪ್ಯಾನೆಲ್‌ಗಳಿಗೆ ಇಂಗ್ಲಿಷಿನಲ್ಲಿ ಬರೆದುಕೊಡುವುದು. ಎರಡನೆಯದಕ್ಕೆ ನಾನು ಫೀಸೇ ಇಲ್ಲದೆ ಬರೆಯಲೂ ತಯಾರಿದ್ದೆ. ಕಾಲೇಜಿನ ದಿನಗಳಲ್ಲಿ ಹಾಸ್ಟೆಲಿನ ಹುಡುಗಿಯರು ದಿಂಬಿನ ಕೆಳಗೆ ಸಿನಿಮಾ ಹೀರೋಗಳ ಫೋಟೋ ಇಟ್ಟುಕೊಂಡರೆ ನನ್ನ ಝುವಾಲಜಿ ರೆಕಾರ್ಡಿನೊಳಗೆ ಇದ್ದದ್ದು ಗಡ್ಡ ಬಿಟ್ಟ ಈ ದೊರೆಯ ಚಿತ್ರ. ಸಿಸ್ಟರ್ ಒಮ್ಮೆ ಹಿಡಿದು “ಹೂ ಈಸ್ ದಿಸ್ ಓಲ್ಡ್ ಮ್ಯಾನ್?” ಎಂದು ಕೇಳಿ, ಉತ್ತರ ಕೇಳಿದ ಮೇಲೆ ಬೈಯುವುದೋ ಮೆಚ್ಚುವುದೋ ತಿಳಿಯದೆ ವಾಪಸು ಕೊಟ್ಟಿದ್ದರು. ಹಕ್ಕಿಯ ರೆಕ್ಕೆ ಮುರಿಯದಂತೆ ಮಡಿಸುವುದನ್ನು ನಾನು ಕಲಿತದ್ದು ಅವನ ಕೈಪಿಡಿಯಿಂದ.

ಅದೇ ಕೈಪಿಡಿಯಲ್ಲಿ ಅವನ ಸಾಬೂನಿನ ಪಾಕವೂ ಇದೆ. ಸುಲಿದ ಚರ್ಮದ ಒಳಮೈಗೆ ಹಚ್ಚುವ ಸಾಬೂನು: ಕರ್ಪೂರ, ಸುಣ್ಣ, ಸೋಪು, ಆರ್ಸೆನಿಕ್. ನಮ್ಮ ಕಡೆ ಪಾಷಾಣ ಎನ್ನುತ್ತಾರಲ್ಲ, ಅದು. ಯುರೋಪಿನವರು ಹಾಕುವ ಪ್ರಮಾಣ ಹಿಂದೂಸ್ಥಾನದ ಹುಳುಗಳಿಗೆ ಸಾಲದೆಂದು ಅವನು ಆರ್ಸೆನಿಕ್ ಧಾರಾಳವಾಗಿ ಹೆಚ್ಚಿಸಿದ್ದ. ಆದ್ದರಿಂದಲೇ ಅವನ ಹಕ್ಕಿಗಳು ಇಂದಿಗೂ ಗರಿ ಉದುರಿಸಿಲ್ಲ. ಸಾಬೂನಿನಿಂದ ತನ್ನ ಚರ್ಮ ಉರಿಯುವುದರಿಂದ ಹಚ್ಚುವ ಕೆಲಸವನ್ನು ಊರಿನ ಆಳುಗಳಿಗೆ ಬಿಟ್ಟಿದ್ದೇನೆಂದು ಅವನೇ ಒಂದು ಕಡೆ ಸಲೀಸಾಗಿ ಬರೆದುಕೊಂಡಿದ್ದಾನೆ. ಆ ಸಾಲನ್ನು ನಾನು ಎಷ್ಟೋ ಸಲ ಓದಿದ್ದೆ. ಓದಿ ಮುಂದಿನ ಪುಟಕ್ಕೆ ಹೋಗಿದ್ದೆ.

ಮರುದಿನ ಪೆಟ್ಟಿಗೆ ತೆರೆದಾಗ ಹಕ್ಕಿಗಳೆಲ್ಲ ಕ್ಷೇಮ. ಆದರೆ ಕಾಲುಗಳ ಬುಡದಲ್ಲಿ, ಕಣ್ಣಿನ ಸುತ್ತ, ಹೊಟ್ಟೆಯ ಹೊಲಿಗೆಯ ಮೇಲೆ ನವಿರಾದ ಬಿಳಿ ಪುಡಿ. ತೇವದಿಂದ ಒಣ ಹವೆಗೆ ಬಂದಾಗ ಚರ್ಮದೊಳಗಿನ ನೀರು ಹೊರಗೆ ಹೊರಡುತ್ತದೆ, ಬರುವಾಗ ಆರ್ಸೆನಿಕ್ಕನ್ನೂ ಕರೆದುಕೊಂಡು ಬರುತ್ತದೆ. ಹರಳು ಹರಳಾಗಿ ಮೇಲೆ ಕೂರುತ್ತದೆ. ಇದನ್ನು ನಾನು ನಿರೀಕ್ಷಿಸಿದ್ದೆ. ಒಂದೊಂದು ಹಕ್ಕಿಯ ಫೋಟೋ ತೆಗೆದು ಕಂಡಿಷನ್ ರಿಪೋರ್ಟಿಗೆ ಸೇರಿಸಿದೆ. ಗಾಜಿನ ಪೆಟ್ಟಿಗೆಯೊಳಗೆ ಹೋಗಿ ಕೂತರೆ ಅದರಿಂದ ಯಾರಿಗೂ ಅಪಾಯವಿಲ್ಲ.

ಗಾಜು ಬರಲಿಲ್ಲ. ರಿಫ್ಲೆಕ್ಷನ್ ಇಲ್ಲದ ವಿಶೇಷ ಗಾಜಂತೆ, ದಮ್ಮಾಮ್ ಬಂದರಿನಲ್ಲಿ ಯಾವುದೋ ಪೇಪರ್ ಸರಿ ಇಲ್ಲವೆಂದು ಕೂತಿತ್ತು.

“ಗಾಜು ಬರುವ ತನಕ ಹಕ್ಕಿಗಳು ಪೆಟ್ಟಿಗೆಯಲ್ಲೇ ಇರಲಿ,” ಎಂದೆ.

“ಆಗ್ಲಿಕ್ಕಿಲ್ಲ ಆಂಟಿ. ಬಂಡೆಯ ಮೇಲೆ ಕೂರಿಸದೆ ಲೈಟಿಂಗ್ ಸೆಟ್ ಮಾಡುವುದು ಹೇಗೆ? ಡಿಸೈನರ್ ಬೇರೆ ಗಾಜೇ ಬೇಡ ಅಂತಿದ್ದಾನೆ. ಇಮ್ಮರ್ಸಿವ್ ಆಗ್ತದಂತೆ.”

“ಇಮ್ಮರ್ಸಿವ್ ಆಗುವುದು ವಿಷದಲ್ಲಿ. ಕೆಲಸದವರಿಗೆಲ್ಲ ನೀನು ಮೊದಲು ಹೇಳು, ಇದು ಆರ್ಸೆನಿಕ್ ಅಂತ.”

“ಹೇಳ್ತೇನೆ. ಆದ್ರೆ ಆ ಶಬ್ದ ಬೇಡ. ಹೆದರಿ ಒಬ್ಬನೂ ಒಳಗೆ ಕಾಲಿಡ್ಲಿಕ್ಕಿಲ್ಲ. ಮುಟ್ಬಾರ್ದು ಅಂದ್ರೆ ಸಾಕಲ್ಲ?”

ಸಾಲದು ಎಂದು ನಾನು ಇಮೇಲಿನಲ್ಲೂ ಬರೆದೆ. ‘ನೋಟೆಡ್, ಆಂಟಿ’ ಎಂದು ಉತ್ತರ ಬಂತು. ಹೀಗೆ ಪ್ಲಾಸ್ಟರಿನ ಕೃತಕ ಬಂಡೆಗಳ ಮೇಲೆ ಹಕ್ಕಿಗಳು ಬಟಾಬಯಲಿನಲ್ಲಿ ಕೂತವು. ನೆತ್ತಿಯ ಮೇಲೆ ಎಸಿಯ ಡಕ್ಟ್.

ಆ ಬಂಡೆಗಳನ್ನು ಮಾಡಿದವನು, ಆ ಕೋಣೆಯ ಜಿಪ್ಸಂ ಬೋರ್ಡಿನ ಸುಳ್ಳು ಸೀಲಿಂಗನ್ನು ಕಟ್ಟಿದವನು ವಿಟ್ಲದ ಕಡೆಯ ಒಬ್ಬ ಬ್ಯಾರಿ ಮುಸ್ಲಿಂ. ಸೈಟಿನಲ್ಲಿ ಎಲ್ಲರೂ ಅವನನ್ನು ‘ಜಿಪ್ಸಂ’ ಎಂದೇ ಕರೆಯುತ್ತಿದ್ದರು. ಅವನೂ ಫೋನೆತ್ತಿ “ಹಾಂ, ಜಿಪ್ಸಂ” ಎನ್ನುತ್ತಿದ್ದ. ನನ್ನನ್ನು ಅವನು ಮೊದಲ ದಿನದಿಂದಲೇ ‘ಬಾಯಮ್ಮ’ ಎಂದ. ನಮ್ಮೂರಿನಲ್ಲಿ ಕ್ರಿಶ್ಚನ್ ಹೆಂಗಸರನ್ನು ಕರೆಯುವ ಹಳೆಯ ಹೆಸರು. ಕೇಳದೆ ಎಷ್ಟು ವರ್ಷವಾಗಿತ್ತೋ. ಅವನ ಮನೆಮಾತು ಬ್ಯಾರಿ, ನನ್ನದು ಕೊಂಕಣಿ, ನಡುವೆ ಸೇತುವೆಯಾಗಿ ಕನ್ನಡ.

“ಬಾಯಮ್ಮ, ಈ ಗೂಬೆ ನನ್ನನ್ನೇ ನೋಡ್ತದೆ. ಯಾವ ಮೂಲೆಗೆ ಹೋದ್ರೂ ನೋಡ್ತದೆ. ನಮ್ಮ ಫೋರ್‌ಮ್ಯಾನ್ ಹಾಗೇ.”

“ಗಾಜಿನ ಕಣ್ಣು ಅದು, ಕೆಲಸ ಮಾಡು.”

“ಫೋರ್‌ಮ್ಯಾನ್‌ದ್ದೂ ಹಾಗೇ ಮಾರ್ರೆ.”

ಅವನು ಮೊದಲಿದ್ದ ಕಂಪನಿ ಮುಚ್ಚಿಹೋಗಿತ್ತು. ಈ ಕಾಂಟ್ರ್ಯಾಕ್ಟರ್ ಅವನನ್ನು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದ. ಉದ್ಘಾಟನೆ ಚೆನ್ನಾಗಿ ಆದರೆ ಅವನನ್ನು ಈ ಮ್ಯೂಸಿಯಂನ ನಿರ್ವಹಣೆಗೆ ಪರ್ಮನೆಂಟ್ ಮಾಡುವ ಮಾತಾಗಿತ್ತು. ಸಂಬಳಕ್ಕಿಂತ ಅವನು ಕಾಯುತ್ತಿದ್ದದ್ದು ಬೇರೆ ಒಂದಕ್ಕೆ. ಅವನ ಇಕಾಮಾದಲ್ಲಿ, ಇಲ್ಲಿನ ವಾಸದ ಪರವಾನಗಿಯಲ್ಲಿ, ಉದ್ಯೋಗದ ಎದುರು ‘ಆಮಿಲ್’ ಎಂದಿತ್ತು, ಅಂದರೆ ಕೂಲಿ. ಕೂಲಿಗೆ ಹೆಂಡತಿ ಮಕ್ಕಳನ್ನು ಕರೆಸಿ ಜೊತೆಗಿಟ್ಟುಕೊಳ್ಳುವ ವೀಸಾ ಇಲ್ಲ. ಪರ್ಮನೆಂಟ್ ಆದರೆ ಅಲ್ಲಿ ‘ಫನ್ನಿ’ ಎಂದು ಬೀಳುತ್ತದೆ, ಟೆಕ್ನಿಷಿಯನ್. ಆಮೇಲೆ ಹೆಂಡತಿ, ಮಗಳು.

“ಮಗಳು ಹುಟ್ಟಿದ ಮೇಲೆ ನಾನು ಅವಳ ಜೊತೆ ಇದ್ದದ್ದು ಎಲ್ಲ ರಜೆ ಕೂಡಿಸಿದ್ರೂ ಒಂದು ವರ್ಷ ಆಗ್ಲಿಕ್ಕಿಲ್ಲ ಬಾಯಮ್ಮ. ಊರಿಗೆ ಹೋದ್ರೆ ಮೊದಲ ಎರಡು ದಿನ ನನಗೆ ‘ಉಪ್ಪ, ನೀವು’ ಹೇಳ್ತಾಳೆ. ‘ನೀನು’ಗೆ ಬರುವಾಗ ನನ್ನ ಟಿಕೆಟ್ ಬರ್ತದೆ.”

ಒಂದು ಬೆಳಿಗ್ಗೆ ನಾನು ಫೋಟೋಗಳನ್ನು ಹಿಡಿದು ಹಕ್ಕಿಗಳ ವಾರದ ತಪಾಸಣೆಗೆ ಹೊರಟೆ. ಕೌಜುಗದ ಕಾಲಡಿ ನೋಡಿದೆ. ಬಿಳಿ ಪುಡಿ ಇಲ್ಲ. ಮರಕುಟಿಗ ನೋಡಿದೆ, ಗೂಬೆ ನೋಡಿದೆ. ಎಲ್ಲವೂ ತೊಳೆದಿಟ್ಟಂತೆ ಸ್ವಚ್ಛ. ಆರ್ಸೆನಿಕ್ ತಾನಾಗಿ ಎದ್ದು ಹೋಗುವ ವಸ್ತುವಲ್ಲ.

ಏಣಿಯ ಮೇಲೆ ಜಿಪ್ಸಂ ಇದ್ದ. “ನೀನು ಮುಟ್ಟಿದ್ದಾ ಇವನ್ನು?”

“ಅಯ್ಯೋ, ಮುಟ್ಲಿಲ್ಲ ಬಾಯಮ್ಮ. ಮುಟ್ಬಾರ್ದು ಅಂತ ಹೇಳಿದ್ರಲ್ಲ, ಕೈ ತಾಗಿಸ್ಲೇ ಇಲ್ಲ. ಬ್ಲೋವರ್ ಹಿಡ್ದದ್ದು, ದೂರದಿಂದ.”

“ಬ್ಲೋವರಾ?”

ಅವನು ಕೆಳಗಿಳಿದು ನಾಚಿಕೆಯಿಂದ ನಕ್ಕ. “ನನ್ನದೇ ತಪ್ಪು. ಸೀಲಿಂಗ್ ಉಜ್ಜಿದ್ದೆ ಅಲ್ವಾ, ನನ್ನ ಜಿಪ್ಸಂ ಧೂಳೆಲ್ಲ ಹಕ್ಕಿಗಳ ಕಾಲ ಹತ್ರ ಕೂತಿತ್ತು. ನಿಮಗೆ ಕಂಡ್ರೆ ಬೈತೀರಿ ಅಂತ ದಿನಾ ಬೆಳಿಗ್ಗೆ ನೀವು ಬರುವ ಮೊದಲೇ ಊದಿ ಕ್ಲೀನ್ ಮಾಡುವುದು. ಮರುದಿನ ನೋಡಿದ್ರೆ ಪುನಃ ಬಂದಿರ್ತದೆ. ಭಯಂಕರ ಹಠ ಮಾರ್ರೆ ಆ ಧೂಳಿಗೆ.”

ನಾನು ಅಲ್ಲೇ ಇದ್ದ ಬಣ್ಣದ ಡಬ್ಬದ ಮೇಲೆ ಕೂತೆ. ಜಿಪ್ಸಂ ಕೆಲಸದವರು ಹಾಗೇ. ಕೆಲಸ ಮುಗಿದ ಮೇಲೆ ಗುಡಿಸುವುದಿಲ್ಲ, ಬ್ಲೋವರಿನಿಂದ ಊದುತ್ತಾರೆ. ತನ್ನ ಕಸುಬಿನ ಕೊಳೆ ಇನ್ನೊಬ್ಬರ ಕಸುಬಿನ ಮೇಲೆ ಬೀಳಬಾರದೆಂಬ ಮರ್ಯಾದೆಯಿಂದ ಅವನು ಅದನ್ನು ಮಾಡಿದ್ದ. ಎದುರು ನಿಂತವನ ಮುಖವನ್ನು ಆಗ ಸರಿಯಾಗಿ ನೋಡಿದೆ. ಮೂಗಿನ ಹೊಳ್ಳೆಯ ಅಂಚಿನಲ್ಲಿ ಹುಣ್ಣು. ಬೆರಳ ಸಂದಿಗಳಲ್ಲಿ ಕೆಂಪಗೆ ದದ್ದು.

“ಇದು ಯಾವಾಗಿನಿಂದ?”

“ಇಲ್ಲಿನ ಒಣ ಹವೆ ಅಲ್ವಾ. ವ್ಯಾಸ್‌ಲೀನ್ ಹಚ್ತೇನೆ.”

ನನ್ನ ಕಿಟ್ ತಂದೆ. ಹತ್ತಿಯ ತುದಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಬಂಡೆಯ ಮೇಲೆ ಒರೆಸಬೇಕು. ಅದನ್ನು ಪುಟ್ಟ ಬಾಟಲಿಗೆ ಹಾಕಿ, ಎರಡು ಪುಡಿ ಬೆರೆಸಿ, ಮುಚ್ಚಳದಲ್ಲಿ ಪರೀಕ್ಷಾ ಕಾಗದದ ಪಟ್ಟಿ ಸಿಕ್ಕಿಸಿ ಕಾಯಬೇಕು. ಕಾಗದ ಬಿಳಿಯಾಗೇ ಉಳಿದರೆ ದೇವರು ದೊಡ್ಡವನು. ಹಳದಿಯಾದರೆ ಆರ್ಸೆನಿಕ್ ಇದೆ, ಕಂದಾದರೆ ಬಹಳ ಇದೆ. ಅವನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಮಕ್ಕಳು ಜಾದೂ ನೋಡುವ ಹಾಗೆ ನೋಡುತ್ತಿದ್ದ. ಕಾಗದ ಹಳದಿಗೆ ತಿರುಗಿ, ಅಲ್ಲಿಂದ ಚಹಾದ ಬಣ್ಣಕ್ಕೆ ಬಂತು.

“ಇದು ಜಿಪ್ಸಂ ಅಲ್ಲ ಮಾರಾಯಾ. ಪಾಷಾಣ.”

ಅವನು ಕಾಗದವನ್ನೂ ತನ್ನ ಕೈಯನ್ನೂ ನೋಡಿದ. ಆಮೇಲೆ ಕೇಳಿದ ಮೊದಲ ಪ್ರಶ್ನೆ, “ಮ್ಯಾನೇಜರಿಗೆ ಹೇಳ್ತೀರಾ?”

ಆ ದಿನ ನಾನು ಹೇಳಲಿಲ್ಲ. ಬ್ಲೋವರನ್ನು ನನ್ನ ಲಾಕರಿನಲ್ಲಿಟ್ಟು ಬೀಗ ಹಾಕಿದೆ. ದಪ್ಪ ಪ್ಲಾಸ್ಟಿಕ್ ತರಿಸಿ ಬಂಡೆಗಳ ಸುತ್ತ ಡೇರೆಯ ಹಾಗೆ ಕಟ್ಟಿ ಅಂಚುಗಳಿಗೆ ಟೇಪ್ ಹಾಕಿದೆ. ಲೈಟಿಂಗಿನವನಿಗೆ ಗರಿಗಳ ಟ್ರೀಟ್‌ಮೆಂಟ್ ನಡೆದಿದೆ ಎಂದೆ, ಅದೇನೂ ಪೂರ್ತಿ ಸುಳ್ಳಲ್ಲ. ಜಿಪ್ಸಂನನ್ನು ನನ್ನ ಖರ್ಚಿನಲ್ಲೇ ಪಾಲಿಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ, ದಾರಿಯಲ್ಲಿ ದೊರೆಯ ಸಾಬೂನಿನ, ಅದನ್ನು ಹಚ್ಚಿದ ಆಳುಗಳ ಕಥೆ ಹೇಳಿದೆ. ಮಲಯಾಳಿ ಡಾಕ್ಟರ್ ಮುಲಾಮು ಬರೆದು ಕೈತೊಳೆದುಕೊಳ್ಳಲು ಹೊರಟಿದ್ದರು. ಆರ್ಸೆನಿಕ್ ಎಂದ ಕೂಡಲೇ ಪೆನ್ನು ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮೂತ್ರದ ಸ್ಯಾಂಪಲ್ ಜಿದ್ದಾದ ಲ್ಯಾಬಿಗೆ ಹೋಯಿತು.

ಹೊರಗೆ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಅವನು ನಿಂತ. “ಬಾಯಮ್ಮ, ಒಂದು ಉಪಕಾರ ಮಾಡಿ. ಬರೀಬೇಡಿ. ಓಪನಿಂಗ್ ಒಮ್ಮೆ ಆಗ್ಲಿ, ಇಕಾಮಾದಲ್ಲಿ ಫನ್ನಿ ಅಂತ ಬೀಳ್ಲಿ. ಮತ್ತೆ ಬೇಕಾದ್ರೆ ನನ್ನ ಫೋಟೋ ಸಮೇತ ಪೇಪರಿಗೇ ಹಾಕಿ.”

“ಅದು ವಿಷ. ಆಟ ಅಲ್ಲ.”

“ನಾನು ಇಷ್ಟು ವರ್ಷ ಪುಟ್ಟಿ ಧೂಳು ತಿಂದವ. ಪೇಂಟು, ಥಿನ್ನರು, ಗ್ಲಾಸ್‌ವೂಲು, ಎಲ್ಲ ಆಗಿದೆ. ನನ್ನ ಹೊಟ್ಟೆಯೊಳಗೆ ಒಂದು ಹಾರ್ಡ್‌ವೇರ್ ಅಂಗಡಿಯೇ ಉಂಟು. ನಿಮ್ಮ ದೊರೆಯ ಸಾಬೂನು ಒಂದು ಹೆಚ್ಚಾ?”

ನನಗೆ ನಗು ಬಂತು. ಆ ನಗು ಬಂದದ್ದಕ್ಕೆ ಈಗಲೂ ಕೋಪವಿದೆ. ಆಗಲಿ, ಲ್ಯಾಬ್ ರಿಸಲ್ಟ್ ಬರಲಿ, ನೋಡುವಾ ಎಂದೆ. ಅವನ ಜೀವ, ಅವನ ಲೆಕ್ಕ; ವಿಷ ಹರಡದಂತೆ ನಾನು ಕಟ್ಟಿಹಾಕಿದ್ದೇನೆ; ಗಾಜು ಬಂದರೆ ಎಲ್ಲ ಮುಗಿಯುತ್ತದೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ.

ಆದರೆ ಕಟ್ಟಿಹಾಕಿದ್ದೇನೆಯೇ ಎಂದು ನೋಡದೆ ಇರಲು ನನ್ನ ಟ್ರೇನಿಂಗ್ ಬಿಡಲಿಲ್ಲ. ನೆಲ ಒರೆಸಿ ನೋಡಿದೆ, ಹಳದಿ. ಬಾಗಿಲ ಹಿಡಿಕೆ, ಹಳದಿ. ಎಸಿ ವಾಪಸು ಗಾಳಿ ಎಳೆಯುವ ಜಾಲರಿ, ತಿಳಿ ಹಳದಿ. ಬಾಗಿಲ ಪಕ್ಕದ ಚಾವಡಿಯಲ್ಲಿ ಪ್ಲೈವುಡ್ಡಿನ ಒಂದು ಮೇಜಿತ್ತು. ಪೇಂಟರುಗಳು, ಎಲೆಕ್ಟ್ರಿಷಿಯನ್ನರು ಬೆಳಿಗ್ಗೆ ಅಲ್ಲೇ ಕೂತು, ತಮೀಸ್ ರೊಟ್ಟಿಯನ್ನು ಹಾಳೆಯೂ ಇಲ್ಲದೆ ಬರಿ ಮೇಜಿನ ಮೇಲಿಟ್ಟು ಹರಿದು ತಿನ್ನುತ್ತಿದ್ದರು. ನಾನೂ ಒಂದೆರಡು ಸಲ ಅವರ ಜೊತೆ ಕೂತು ಚಹಾ ಕುಡಿದವಳೇ. ಆ ಮೇಜು ಒರೆಸಿದೆ. ಕಾಗದ ಕಂದಾಯಿತು.

ಬ್ಲೋವರಿನ ಗಾಳಿ ಹೋಗುತ್ತಿದ್ದ ದಿಕ್ಕು ಅದೇ. ತೆರೆದ ಬಾಗಿಲು, ಅದರಾಚೆ ರೊಟ್ಟಿಯ ಮೇಜು.

ಇನ್ನು ಅದು ಅವನೊಬ್ಬನ ಲೆಕ್ಕವಾಗಿ ಉಳಿಯಲಿಲ್ಲ. ರಿಪೋರ್ಟ್ ಬರೆಯಲು ಕೂತೆ. ಮೊದಲ ಪ್ಯಾರಾ: ಗಾಜಿಲ್ಲದೆ ಹಕ್ಕಿಗಳನ್ನು ತೆರೆದಿಟ್ಟದ್ದು, ನನ್ನ ಆಕ್ಷೇಪದ ಇಮೇಲ್, ಕೆಲಸದವರಿಗೆ ಆರ್ಸೆನಿಕ್ ಎಂದು ಹೇಳದೆ ಮುಚ್ಚಿಟ್ಟದ್ದು. ಎರಡನೆಯ ಪ್ಯಾರಾದಲ್ಲಿ ಬ್ಲೋವರಿನ ಸಂಗತಿ ಬರಬೇಕಿತ್ತು. ಎದ್ದು ಹೋಗಿ ಜಿಪ್ಸಂನನ್ನೇ ಕರೆದು ಹೇಳಿದೆ. ಕಳಿಸುವ ಮೊದಲು ಅವನಿಗೆ ಗೊತ್ತಿರಬೇಕು.

ಅವನು ಕೈಯಲ್ಲಿದ್ದ ಪುಟ್ಟಿಯ ಚಾಕುವನ್ನು ಒರೆಸಿ ಕೆಳಗಿಟ್ಟ. ಆಮೇಲೆ, “ಪೇಂಟಿನವರದ್ದು ಬರೀರಿ, ಬರೀಲೇಬೇಕು. ಬ್ಲೋವರಿನ ಸುದ್ದಿ ಬಿಡ್ಲಿಕ್ಕಾಗ್ತದಾ? ಎಸಿಯಿಂದ ಬಂತು ಹೇಳಿ.”

“ಎಸಿ ಮೇಜಿನ ತನಕ ಅಷ್ಟು ಒಯ್ಯುವುದಿಲ್ಲ. ನಾನು ಎಸಿ ಅಂತ ಬರೆದರೆ ಅವರು ಡಕ್ಟ್ ತೊಳೆದು, ಮೇಜು ಬಿಟ್ಟು ಹೋಗ್ತಾರೆ. ಯಾರು ಯಾರು ಎಷ್ಟು ದಿನ ಆ ಗಾಳಿಯಲ್ಲಿ ಕೂತಿದ್ರು ಅಂತ ಡಾಕ್ಟರಿಗೂ ಗೊತ್ತಾಗಬೇಕಲ್ಲ.”

“ಹಾಗಾದ್ರೆ ಬ್ಲೋವರ್ ಹಿಡ್ದವ ಯಾರು ಅಂತ?”

“ನಿನಗೆ ಯಾರೂ ಹೇಳಿರಲಿಲ್ಲ ಅಂತಲೂ ಬರೀತೇನೆ. ಅದು ಮೊದಲ ಪ್ಯಾರಾದಲ್ಲೇ ಇದೆ.”

“ಪ್ಯಾರಾ,” ಎಂದ ಅವನು. ಅಷ್ಟೇ ಎಂದದ್ದು.

ನಾನು ಬರೆದೆ. ಬಿಟ್ಟು ಹೇಳುವುದೂ ಸುಳ್ಳೇ ಎಂದು ಕಾನ್ವೆಂಟಿನಲ್ಲಿ ನಮ್ಮ ತಲೆಗೆ ತುಂಬಿದ್ದರು. ನನ್ನ ಕೈಗೆ ಬೇರೆ ರೀತಿ ಬರೆಯಲು ಬರುವುದೇ ಇಲ್ಲ.

ಮ್ಯೂಸಿಯಂನ ನಿರ್ದೇಶಕಿ ಸೌದಿ ಹೆಂಗಸು, ಇಂಗ್ಲೆಂಡಿನಲ್ಲಿ ಓದಿ ಬಂದವಳು. ನನ್ನ ಎದುರೇ ರಿಪೋರ್ಟ್ ಓದಿದಳು. ಓದಿ ಮುಗಿಸಿ ಒಂದು ಪ್ರಶ್ನೆಯನ್ನೂ ಕೇಳದೆ ಫೋನೆತ್ತಿ ಮೇಲಂತಸ್ತನ್ನು ಮುಚ್ಚಿಸಿದಳು. ಉದ್ಘಾಟನೆಯನ್ನು ಮುಂದಕ್ಕೆ ಹಾಕಿದಳು, ಅದಕ್ಕಾಗಿ ಎಷ್ಟು ಮಂದಿ ದೊಡ್ಡವರ ಮುನಿಸು ಕಟ್ಟಿಕೊಂಡಳೋ. ಎಲ್ಲ ಕೆಲಸದವರ ತಪಾಸಣೆಯ ಖರ್ಚು ಮ್ಯೂಸಿಯಂನದೇ ಎಂದಳು. ಪೇಂಟರುಗಳಿಗೆ ಏನೂ ಹೆಚ್ಚಾಗಿ ಹೊಕ್ಕಿರಲಿಲ್ಲ. ಜಿಪ್ಸಂನ ರಿಸಲ್ಟ್ ಇರಬೇಕಾದ್ದಕ್ಕಿಂತ ಮೇಲಿತ್ತು. ದೂರವಿದ್ದರೆ ಇಳಿಯುತ್ತದೆ, ಆದರೆ ಕೆಲವು ತಿಂಗಳು ಆಗಾಗ ನೋಡುತ್ತಿರಬೇಕು ಎಂದರು ಡಾಕ್ಟರ್. ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಸರಿಯಾದ ಕೆಲಸ ಸರಿಯಾದ ಕೈಗೆ ಸೇರಿತು ಎಂದುಕೊಂಡೆ.

ಕಾಂಟ್ರ್ಯಾಕ್ಟ್ ಕಂಪನಿ ತನ್ನದೇ ವಿಚಾರಣೆ ನಡೆಸಿತು. ಮ್ಯಾನೇಜರ್ ಅದರ ಕೊನೆಯ ಪುಟವನ್ನು ನನ್ನ ಮುಂದಿಟ್ಟ. ಅನಧಿಕೃತ ಶುಚಿಗೊಳಿಸುವಿಕೆ, ಒಬ್ಬ ತಾತ್ಕಾಲಿಕ ಕಾರ್ಮಿಕನಿಂದ. ಅದಕ್ಕೆ ಆಧಾರ, ಕನ್ಸರ್ವೇಟರ್ ರಿಪೋರ್ಟಿನ, ಅಂದರೆ ನನ್ನದೇ ರಿಪೋರ್ಟಿನ, ಎರಡನೆಯ ಪ್ಯಾರಾ.

“ಮೊದಲ ಪ್ಯಾರಾ ಎಲ್ಲಿ?”

“ಅದು ನಿಮ್ಮ ಒಪಿನಿಯನ್, ಆಂಟಿ. ಎರಡನೆಯದ್ದು ಫ್ಯಾಕ್ಟ್.”

“ನಾಚಿಕೆ ಆಗುವುದಿಲ್ಲವಾ ನಿನಗೆ? ಹೇಳಬಾರದು ಅಂದವನು ನೀನು.”

“ನಾನು ಎಂತ ಮಾಡ್ಬೇಕಿತ್ತು? ಕಂಪನಿಯ ತಪ್ಪು ಅಂತ ಬಂದ್ರೆ ಇಲ್ಲಿ ಇಡೀ ಟೀಮಿನ ಕಾಂಟ್ರ್ಯಾಕ್ಟ್ ಹೋಗ್ತದೆ. ನನ್ನದೂ.” ಅವನು ಧ್ವನಿ ತಗ್ಗಿಸಿದ. “ನಾನಾಗಿ ಅವನ ಹೆಸರು ಎತ್ತಲಿಲ್ಲ. ನೀವೇ ಬರ್ದದ್ದು, ಆಂಟಿ.”

ನಿರ್ದೇಶಕಿಯ ಬಳಿಗೆ ಓಡಿದೆ. ಅವಳು ಮೊದಲ ಪ್ಯಾರಾವನ್ನು ಓದಿದ್ದಳು, ನಂಬಿಯೂ ಇದ್ದಳು. ಕಾಂಟ್ರ್ಯಾಕ್ಟರಿಗೆ ಖಾರವಾದ ಪತ್ರ ಹೋಗಿದೆ ಎಂದಳು. ಆದರೆ ಜಿಪ್ಸಂ ಅವರ ಮನುಷ್ಯ, ಅವರ ಪೇಪರುಗಳಲ್ಲಿದ್ದಾನೆ. ತನ್ನ ಪೇರೋಲಿನಲ್ಲಿ ಇಲ್ಲದವನನ್ನು ತಾನು ಉಳಿಸಿಕೊಳ್ಳಲು ಬರುವುದಿಲ್ಲ. ತಾನೇ ಕೆಲಸಕ್ಕೆ ತೆಗೆದುಕೊಳ್ಳಬಹುದಾಗಿತ್ತು, ಆದರೆ ತಪಾಸಣೆಯಲ್ಲಿರುವವನಿಗೆ ಹೊಸ ಹುದ್ದೆಯ ಮೆಡಿಕಲ್ ಈಗ ಪಾಸಾಗುವುದಿಲ್ಲ. ಇದನ್ನೆಲ್ಲ ಅವಳು ಮೃದುವಾಗಿ, ನನ್ನ ಕೈ ಹಿಡಿದು ಹೇಳಿದಳು. ನಿಜವನ್ನೇ ಹೇಳಿದಳು. ಎಲ್ಲರೂ ನಿಜವನ್ನೇ ಹೇಳುತ್ತಿದ್ದರು.

ಜಿಪ್ಸಂಗೆ ಫೈನಲ್ ಎಕ್ಸಿಟ್ ಬಂತು, ಅಂದರೆ ಕೆಲಸ ಮುಗಿಸಿ ದೇಶ ಬಿಡಬೇಕು. ಹೊರಡುವ ದಿನ ಬೆಳಿಗ್ಗೆ ಕಂಪನಿಯ ವ್ಯಾನಿನ ಹತ್ತಿರ ಹೋದೆ. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಮೂಗಿನ ಹುಣ್ಣು ಒಣಗಿ ಕರಿ ಕಲೆಯಾಗಿತ್ತು.

“ಊರಿಗೆ ಹೋದ ಮೇಲೂ ಟೆಸ್ಟ್ ಮಾಡಿಸಬೇಕು, ಆಯ್ತಾ? ಮಂಗಳೂರಿನಲ್ಲಿ ನನ್ನ ಗುರುತಿನ ಡಾಕ್ಟರ್ ಇದ್ದಾರೆ.”

ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. “ಬಾಯಮ್ಮ, ನಿಮ್ಮ ದೊರೆ ನಿಮಗಿಂತ ಒಳ್ಳೆಯವ.”

“ಹೀಗ್ಯಾಕೆ ಹೇಳ್ತೀಯ?”

“ಅವ ಆಳುಗಳ ಕೈಗೆ ಪಾಷಾಣ ಕೊಟ್ಟ. ಹೆಸರು ಬರೀಲಿಲ್ಲ. ಕೆಲಸದಲ್ಲಿ ಇಟ್ಕೊಂಡ. ಅವರು ಸಾಯುವ ತನಕ ಹೆಂಡತಿ ಮಕ್ಕಳ ಜೊತೆಯೇ ಇದ್ರು, ಅಲ್ವಾ?” ಅವನು ನಗುತ್ತಿರಲಿಲ್ಲ. “ನೀವು ನನ್ನ ಜೀವ ಉಳಿಸಿದ್ರಿ. ನಾನು ಕೇಳಿದ್ದು ಅದನ್ನಲ್ಲ.”

ವ್ಯಾನಿನವನು “ಯಲ್ಲಾ, ಯಲ್ಲಾ” ಎಂದು ಹಾರ್ನ್ ಹೊಡೆದ. ನಾನು ಚಾಚಿದ ಕೈಯನ್ನು ಅವನು ನೋಡಲಿಲ್ಲವೋ, ನೋಡಿಯೂ ಬಿಟ್ಟನೋ. ಹತ್ತಿ ಕೂತ.

ಕೆಲವು ವಾರಗಳ ಮೇಲೆ ಗಾಜು ಬಂತು. ಮಾಸ್ಕ್, ಗ್ಲೌಸ್, ವಿಶೇಷ ಫಿಲ್ಟರಿನ ವ್ಯಾಕ್ಯೂಮ್ ಹಿಡಿದು ನಾನೇ ಕೋಣೆಯನ್ನು ಇಂಚಿಂಚಾಗಿ ಶುಚಿ ಮಾಡಿ, ಕಾಗದ ಬಿಳಿಯಾಗೇ ಉಳಿಯುವವರೆಗೂ ಒರೆಸಿ ನೋಡಿದೆ. ಹಕ್ಕಿಗಳು ಗಾಜಿನೊಳಗೆ ಹೋದವು. ಉಳಿದಿದ್ದದ್ದು ದೊರೆಯ ಬದುಕಿನ ಕೊನೆಯ ಪ್ಯಾನೆಲ್. ಮೊದಲು ಬರೆದಿದ್ದನ್ನು ಹರಿದು ಹಾಕಿ ಹೊಸದಾಗಿ ಬರೆದೆ. ಅವನ ವಿಷದ ಸಾಬೂನನ್ನು ಹಚ್ಚಿದ ಕೈಗಳು ಅವನವಲ್ಲ, ಹೆಸರು ದಾಖಲಾಗದ ಕೆಲಸಗಾರರವು. ಅವನು ತನ್ನೂರಿನ ತೋಟದಲ್ಲಿ ಗುಲಾಬಿ ಬೆಳೆಸುತ್ತ ಮುಪ್ಪಿನಲ್ಲಿ ತೀರಿಕೊಂಡ, ಅವರ ಕೊನೆ ಯಾರಿಗೂ ತಿಳಿಯದು. ತಿರಸ್ಕರಿಸುತ್ತಾರೆ, ಜಗಳವಾಡೋಣ ಎಂದು ಸೊಂಟ ಕಟ್ಟಿ ನಿಂತಿದ್ದೆ. ಯಾರೂ ಜಗಳವಾಡಲಿಲ್ಲ. ನಿರ್ದೇಶಕಿಗೆ ಕಣ್ಣು ತುಂಬಿತು. ಪ್ರಾಯೋಜಕರು ಪೂರ್ತಿ ಒಪ್ಪಿದರು. ಮ್ಯಾನೇಜರ್ “ಪವರ್‌ಫುಲ್, ಆಂಟಿ” ಎಂದ; ಅಕ್ಷರದ ಸೈಜು ದೊಡ್ಡದು ಮಾಡಿಸಿದವನೂ ಅವನೇ. ಉದ್ಘಾಟನೆಯ ದಿನ ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಸತ್ತು ನೂರು ವರ್ಷವಾದವರಿಗೆ ನ್ಯಾಯ ಕೊಡುವುದರಲ್ಲಿ ಯಾರಿಗೂ ಏನೂ ಕಷ್ಟವಾಗಲಿಲ್ಲ. ಆ ಕೋಣೆಯ ಸೀಲಿಂಗ್ ಬಹಳ ಚೆನ್ನಾಗಿ ಬಂದಿದೆ, ಒಂದು ಜೋಡಣೆಯೂ ಕಾಣುವುದಿಲ್ಲ. ಅದನ್ನು ಯಾರೂ ತಲೆಯೆತ್ತಿ ನೋಡಲಿಲ್ಲ.

ಮರುದಿನ ವಿಟ್ಲಕ್ಕೆ ಫೋನ್ ಮಾಡಿದೆ. ಹೆಂಗಸಿನ ದನಿ.

“ತಾಯಿಫಿನಿಂದ, ಮ್ಯೂಸಿಯಂನಿಂದ ಮಾತಾಡ್ತಿದ್ದೇನೆ,” ಎಂದೆ.

“ಬಾಯಮ್ಮನಾ?” ಹಿಂದೆ ಗಂಡಸಿನ ದನಿ ಯಾರೆಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಒಂದು ಕ್ಷಣ ಫೋನಿಗೆ ಅಂಗೈ ಮುಚ್ಚಿದಂತಾಯಿತು. “ಅವರು ಮಲಗಿದ್ದಾರೆ.”

“ಟೆಸ್ಟ್ ಮಾಡಿಸಿದ್ರಾ ಅಂತ ಕೇಳೋಣ ಅಂತ.”

“ಮಾಡಿಸಿದ್ರು. ಕಮ್ಮಿ ಆಗಿದೆ ಅಂತೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. “ಬಾಯಮ್ಮ, ಅಲ್ಲಿ ಈಗ ಚಳಿ ಉಂಟಾ?”

“ಉಂಟು. ಸಂಜೆ ಮೇಲೆ ಜೋರು.”

“ಇವರು ಹೇಳಿದ್ರು, ಅಲ್ಲಿ ಬೆಟ್ಟದ ಮೇಲೆ ಚಳಿ ಅಂತ. ಮಗಳಿಗೆ ಸ್ವೆಟರ್ ತಗೊಂಡಿದ್ದೆ, ಮಂಗಳೂರು ಪೂರ ಹುಡುಕಿ. ಈ ಸೆಕೆಯಲ್ಲಿ ಶಾಲೆಗೂ ಅದನ್ನೇ ಹಾಕ್ಕೊಂಡು ಹೋಗ್ತಾಳೆ ಮಾರ್ರೆ. ಬೆವರಿ ಚಂಡಿ ಆಗಿ ಬರ್ತಾಳೆ. ತೆಗಿ ಅಂದ್ರೆ, ಉಪ್ಪ ನಮ್ಮ ಟಿಕೆಟ್ ಮಾಡಿಸ್ಲಿಕ್ಕೆ ಬಂದದ್ದು ಅಂತಾಳೆ.”